ವ್ಯಾಯಾಮಕ್ಕೆ ಅಂಜಿದ ಬಾಲಕ

ಮೋಹನದಾಸ ಕರಮಚಂದ ಗಾಂಧಿಯವರು 1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದರು. ತಂದೆಯ ಉದ್ಯೋಗದ ನಿಮಿತ್ತ ಕುಟುಂಬವು ರಾಜಕೋಟೆಗೆ ಬಂದು ನೆಲೆಸಿದಾಗ ಬಾಲಕನಿಗೆ ಸುಮಾರು ಏಳು ವರ್ಷ. ಆತನು ಬಲು ನಾಚಿಕೆಯ ಸ್ವಭಾವದವನು. ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಶಾಲೆಗೆ ಬರುವನು; ಶಾಲೆ ಬಿಟ್ಟೊಡನೆ, ಯಾರಾದರೂ ಮಾತನಾಡಿಸಿ ಗೇಲಿ ಮಾಡಿಯಾರೆಂಬ ಭಯದಿಂದ ಮನೆಗೆ ಓಡುವನು.

ಇಂತಹ ಹುಡುಗನಿಗೆ ಆಟದ ಬಯಲು ಹಿತವಾಗುವುದೆಂತು? ತರಗತಿಯಲ್ಲಾದರೆ ಪುಸ್ತಕದ ಮರೆಯುಂಟು. ಬಯಲಿನಲ್ಲಿ ಮೈಯೇ ಎಲ್ಲರ ಕಣ್ಣಿಗೂ ಗುರಿ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದ ದೊರಾಬ್ಜಿ ಎದುಲ್ಜಿ ಗಿಮಿಯವರು ಮೇಲಿನ ತರಗತಿಗಳಿಗೆ ಅಂಗಸಾಧನೆಯನ್ನೂ ಕ್ರಿಕೆಟ್ಟನ್ನೂ ಕಡ್ಡಾಯಗೊಳಿಸುವವರೆಗೆ ಮೋಹನದಾಸನು ಅತ್ತ ಸುಳಿದವನೇ ಅಲ್ಲ. ಇಂದಿನ ಮನಶ್ಶಾಸ್ತ್ರಜ್ಞರು ಇಂತಹ ಅಳುಕನ್ನು ಪ್ರಶ್ನಾವಳಿಗಳಿಂದ ಅಳೆಯುತ್ತಾರೆ. ಅಂಜಿಕೆ ಎಷ್ಟು, ಆ ಅಂಜಿಕೆಯಿಂದ ದೂರವುಳಿಯುವುದು ಎಷ್ಟು ಎಂದು ಬೇರೆ ಬೇರೆಯಾಗಿ ವಿಚಾರಿಸಿ ಅಂಕ ಹಾಕುವುದುಂಟು. ಅಂದಿನ ಶಾಲೆಗಿದ್ದ ಅಳತೆಗೋಲು ಹಾಜರಿಪುಸ್ತಕವೊಂದೇ.

ನಾಚಿಕೆಯ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಶಾಲೆ ಮುಗಿದೊಡನೆ ಅಸ್ವಸ್ಥರಾದ ತಂದೆಯ ಶುಶ್ರೂಷೆ ಮಾಡಬೇಕೆಂಬುದು ಬಾಲಕನ ಹಂಬಲ. ಒಂದು ಶನಿವಾರ ಬೆಳಿಗ್ಗೆ ಪಾಠಗಳು ಮುಗಿದವು. ಸಂಜೆ ನಾಲ್ಕು ಗಂಟೆಗೆ ಅಂಗಸಾಧನೆ. ಗಡಿಯಾರವಿಲ್ಲದ ಹುಡುಗನು ಮೋಡ ಕವಿದ ಬಾನನ್ನು ನೋಡಿ ಹೊತ್ತು ತಿಳಿಯದೆ ಮೋಸಹೋದನು. ಬಯಲಿಗೆ ಬರುವಷ್ಟರಲ್ಲಿ ಎಲ್ಲರೂ ಹೊರಟುಹೋಗಿದ್ದರು. ಮರುದಿನದ ವಿಚಾರಣೆಯಲ್ಲಿ ನಡೆದುದನ್ನು ನಡೆದಂತೆಯೇ ಹೇಳಿದನು. ಗಿಮಿಯವರು ನಂಬಲಿಲ್ಲ, ಆಣೆಯೋ ಎರಡಾಣೆಯೋ ದಂಡ ವಿಧಿಸಿದರು. ಹಣ ಅಲ್ಪವೇ. ಆದರೆ ಸುಳ್ಳುಗಾರನೆನಿಸಿಕೊಂಡ ಸಂಕಟಕ್ಕೆ ಬಾಲಕನು ಅತ್ತುಬಿಟ್ಟನು. ಕೊನೆಗೆ ದಂಡವು ರದ್ದಾಯಿತು. ತಂದೆಯ ಪತ್ರದಿಂದ ವ್ಯಾಯಾಮದ ವಿನಾಯಿತಿಯೂ ದೊರೆಯಿತು.

ಆದರೂ ದೇಹವನ್ನು ಆತನು ಅಲಕ್ಷಿಸಲಿಲ್ಲ. ಬಯಲುಗಾಳಿಯಲ್ಲಿ ದೂರ ನಡೆಯುವುದು ಹಿತಕರವೆಂದು ಪುಸ್ತಕಗಳಲ್ಲಿ ಓದಿ, ಆ ರೂಢಿಯನ್ನು ಹಿಡಿದನು. ನಡಿಗೆಗೆ ತಂಡ ಬೇಡ, ಪ್ರೇಕ್ಷಕರೂ ಬೇಡ! 1888ರಲ್ಲಿ ಲಂಡನ್ನಿಗೆ ಹೋದ ಮೇಲೂ ದಿನಕ್ಕೆ ಎಂಟು ಹತ್ತು ಮೈಲಿ ನಡೆಯುತ್ತಿದ್ದರು. ನಾಚಿಕೆ ಮಾತ್ರ ಅಲ್ಲಿಯೂ ಬೆನ್ನುಬಿಡಲಿಲ್ಲ. ಸಸ್ಯಾಹಾರಿಗಳ ಸಂಘದ ಸಭೆಯಲ್ಲಿ ಅವರು ಬರೆದುಕೊಂಡು ಹೋದುದನ್ನು ಬೇರೊಬ್ಬರು ಓದಬೇಕಾಯಿತು. ವಿದ್ಯೆಗೂ ವ್ಯಾಯಾಮಕ್ಕೂ ಸಂಬಂಧವಿಲ್ಲವೆಂದು ಬಾಲ್ಯದಲ್ಲಿ ಭಾವಿಸಿದ್ದು ತಪ್ಪೆಂದು ಅವರು ಮುಂದೆ ಒಪ್ಪಿಕೊಂಡರು.

1930ರ ಮಾರ್ಚ್ 12ರಂದು ಉಪ್ಪಿನ ಸತ್ಯಾಗ್ರಹಕ್ಕಾಗಿ ಸಾಬರಮತಿ ಆಶ್ರಮದಿಂದ ದಾಂಡಿಯತ್ತ ಹೊರಟಾಗ ಗಾಂಧೀಜಿಯವರಿಗೆ 60 ವರ್ಷ. ದಾರಿಯುದ್ದಕ್ಕೂ ಜನ ನೆರೆದಿದ್ದರು. ಜಗತ್ತಿನ ಪತ್ರಿಕೆಗಳ ದೃಷ್ಟಿಯೆಲ್ಲ ಅವರ ಹೆಜ್ಜೆಗಳ ಮೇಲಿತ್ತು. ಸುಮಾರು 240 ಮೈಲಿಗಳ ಆ ಹಾದಿಯಲ್ಲಿ ಅವರ ನಡಿಗೆಯ ವೇಗಕ್ಕೆ ತರುಣ ಸಂಗಡಿಗರಲ್ಲಿ ಕೆಲವರು ಬಳಲಿದರು.