ಮಂಗನ ಕಾಯಿಲೆಗೂ ಹಕ್ಕಿ ಕಾಲಿನ ಉಂಗುರಕ್ಕೂ ನಂಟು: ಸಲೀಂ ಅಲಿ ಅವರ ಕಥೆ

ಮಂಗನ ಕಾಯಿಲೆ ಅಂದ್ರೆ ಏನು ಅಂತ ನಮ್ಮ ಸೊರಬ, ಸಾಗರ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಆದರೆ ದೇಶದಲ್ಲಿ ವಲಸೆ ಹಕ್ಕಿಗಳ ದೊಡ್ಡ ಅಧ್ಯಯನ ಶುರುವಾಗಿದ್ದು ಇದೇ ಕಾಯಿಲೆ ದೆಸೆಯಿಂದ ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ಅದರ ಮುಂದಾಳು ಸಲೀಂ ಅಲಿ.

1896ರ ನವೆಂಬರ್ 12ರಂದು ಮುಂಬೈನಲ್ಲಿ ಹುಟ್ಟಿದ ಅಲಿ, ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಒಂದು ದಿನ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕುತ್ತಿಗೆ ಹಳದಿ ಇತ್ತು. ಇದ್ಯಾವ ಹಕ್ಕಿ ಅಂತ ಕೇಳೋಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಹುಡುಗ ಆ ನಂಟು ಬಿಡಲೇ ಇಲ್ಲ. ಕಾಲೇಜು ಅರ್ಧಕ್ಕೆ ಬಿಟ್ಟು ಬರ್ಮಾಕ್ಕೆ ಹೋಗಿ ಮನೆಯವರ ಗಣಿ, ಮರದ ವ್ಯವಹಾರ ನೋಡಿಕೊಂಡರು. (ನಾನೂ ಡಿಗ್ರಿ ಅರ್ಧಕ್ಕೆ ಬಿಟ್ಟವನೇ. ಇದನ್ನು ಓದಿ ಸ್ವಲ್ಪ ಧೈರ್ಯ ಬಂತು.) ಮುಂದೆ ಜರ್ಮನಿಯಲ್ಲಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ವಾಪಸ್ ಬಂದರೆ, ಇದ್ದ ಮ್ಯೂಸಿಯಂ ಕೆಲಸವೂ ಹೋಗಿತ್ತು. ಆಮೇಲೆ ಸಂಸ್ಥಾನಗಳಲ್ಲಿ ಹಕ್ಕಿ ಸಮೀಕ್ಷೆ ಮಾಡುತ್ತಾ ಅಲೆದರು. ಮೈಸೂರು ಅರಸರ ಮನವೊಲಿಸಿ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಗುವಂತೆ ಮಾಡಿದ್ದು ಇವರೇ.

ಇನ್ನು ನಮ್ಮ ಕಾಯಿಲೆ ವಿಷಯ. ಕ್ಯಾಸನೂರಿನ ವೈರಸ್, ರಷ್ಯಾದ ಒಂದು ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ್ದು ಅಂತ ಗೊತ್ತಾಯ್ತು. ಹಾಗಾದ್ರೆ ಸೈಬೀರಿಯಾ ಕಡೆಯಿಂದ ಚಳಿಗಾಲಕ್ಕೆ ಬರೋ ಹಕ್ಕಿಗಳೇ ಮೈಮೇಲಿನ ಉಣುಗಿನ ಜೊತೆ ಇದನ್ನು ತಂದವಾ? ಅನುಮಾನ ಹಕ್ಕಿಗಳ ಮೇಲೆ ಬಿತ್ತು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಕೆಲಸ ಶುರುವಾಯ್ತು. ಹಕ್ಕಿಗಳನ್ನು ಬಲೆಯಲ್ಲಿ ಹಿಡಿಯೋದು, ಉಣುಗು ಹುಡುಕೋದು, ಕಾಲಿಗೆ ನಂಬರ್ ಇರೋ ಅಲ್ಯೂಮಿನಿಯಂ ಉಂಗುರ ಹಾಕಿ ಬಿಡೋದು. ಹೀಗೆ ಲಕ್ಷಕ್ಕೂ ಹೆಚ್ಚು ಹಕ್ಕಿಗಳಿಗೆ ಉಂಗುರ ಬಿತ್ತು. ರಾಜಸ್ಥಾನದ ಭರತ್‌ಪುರದಲ್ಲಿ ಉಂಗುರ ಹಾಕಿದ ಬಾತುಗಳು ಸೈಬೀರಿಯಾದಲ್ಲಿ ಸಿಕ್ಕವು. ಕಾಯಿಲೆ ತಂದದ್ದು ಹಕ್ಕಿಗಳೇ ಅನ್ನೋಕೆ ಮಾತ್ರ ಪುರಾವೆ ಸಿಗಲಿಲ್ಲ.

ಅದೇ ಭರತ್‌ಪುರದಲ್ಲಿ 1938ರಲ್ಲಿ ವೈಸ್‌ರಾಯ್ ಬೇಟೆಗೆ ಬಂದಾಗ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿನ ನೀರು ಬತ್ತಿಸಿ ಹೊಲ ಮಾಡಬೇಕು ಅನ್ನೋ ಒತ್ತಾಯ ಬಂತು. ರೈತರ ಕಷ್ಟವೂ ಸುಳ್ಳಲ್ಲ. ಅಲಿ ನೆಹರೂ ಅವರ ತನಕ ಹೋಗಿ ಜಾಗ ಉಳಿಸಿದರು. ಅದೀಗ ಕೇವಲಾದೇವ್ ರಾಷ್ಟ್ರೀಯ ಉದ್ಯಾನ.

1987ರ ಜೂನ್ 20ರಂದು ತೀರಿಕೊಂಡಾಗ ಅವರಿಗೆ 90 ವರ್ಷ. ಹಕ್ಕಿಗಳಿಗೆ ಉಂಗುರ ಹಾಕೋ ಕೆಲಸ ಇವತ್ತೂ ಇದೆ. ನಿಮ್ಮ ಗದ್ದೆ, ಕೆರೆ ಹತ್ತಿರ ಉಂಗುರ ಇರೋ ಹಕ್ಕಿ ಕಂಡ್ರೆ, ನಂಬರ್ ಓದೋಕಾದ್ರೆ ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿ.