ಏಳು ತಂತಿಯ ಚೌಡಯ್ಯನವರು

ಧ್ವನಿವರ್ಧಕ ಯಂತ್ರವು ಘಟ್ಟದ ಸೀಮೆಗೆ ಬರುವುದಕ್ಕೆ ಮುಂಚಿನ ಬಯಲಾಟವನ್ನು ಕಣ್ಣಾರೆ ಕಂಡವರು ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಈಗ ಬಹಳ ವಿರಳ. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ, ದೀವಟಿಗೆಯ ಬೆಳಕು, ಭಾಗವತರ ಬರಿಯ ಕಂಠ. ಚೆಂಡೆಯ ಪೆಟ್ಟು ಗುಡ್ಡದಾಚೆಯ ಕೇರಿಗೂ ಮುಟ್ಟುತ್ತಿತ್ತು. ಆದರೆ ಪದ್ಯದ ಸಾಹಿತ್ಯವು ಗದ್ದೆಯಂಚಿನಲ್ಲಿ ಕಂಬಳಿ ಹೊದ್ದು ಕುಳಿತವನಿಗೆ ಅರ್ಧ ಕೇಳಿ ಅರ್ಧ ತಪ್ಪಿಹೋಗುತ್ತಿತ್ತು. ಆ ಹಿಂದೆ ಕುಳಿತ ಶ್ರೋತೃವಿನ ಕಿವಿಯನ್ನು ಮುಟ್ಟುವುದು ಹೇಗೆ ಎಂಬುದು ನಮ್ಮ ನಾಡಿನ ಸಕಲ ಕಲಾವಿದರನ್ನೂ ಕಾಡಿದ ಪ್ರಶ್ನೆ. ಹಾಡುಗಾರನು ಶ್ರುತಿಯನ್ನು ಏರಿಸಿಕೊಂಡು ಅದಕ್ಕೆ ಉತ್ತರ ಕಂಡುಕೊಂಡನು. ಚೆಂಡೆಮದ್ದಳೆಗಳಿಗೆ ಆ ಚಿಂತೆಯೇ ಇರಲಿಲ್ಲ. ಕಷ್ಟಕ್ಕೆ ಸಿಕ್ಕಿದವನು ಸಂಗೀತ ಕಛೇರಿಯಲ್ಲಿ ಪಿಟೀಲನ್ನು ಹಿಡಿದು ಕುಳಿತ ಪಕ್ಕವಾದ್ಯಗಾರ. ಆ ಕಷ್ಟಕ್ಕೆ ಪರಿಹಾರವನ್ನು ಅಭ್ಯಾಸದಲ್ಲಿ ಮಾತ್ರವಲ್ಲದೆ ವಾದ್ಯದ ಒಡಲಿನಲ್ಲಿಯೂ ಹುಡುಕಿದ ಧೀರರು ಪಿಟೀಲು ಚೌಡಯ್ಯನವರು.

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಅವರ ಜನನವಾಯಿತು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು. ಸಂಗಮದ ದಡದಲ್ಲಿ ಅಗಸ್ತ್ಯೇಶ್ವರನ ಗುಡಿಯಿರುವ ಊರಿನಲ್ಲಿ ಇಂತಹ ಹೆಸರು ಸಹಜವೇ ಸರಿ. ಒಕ್ಕಲಿಗರ ಮನೆಯ ಹುಡುಗನೊಬ್ಬನು ಅಂದಿನ ದಿನಗಳಲ್ಲಿ ಕರ್ನಾಟಕ ಸಂಗೀತದ ವೇದಿಕೆಯನ್ನು ಏರುವುದು ಅಷ್ಟು ಸುಲಭವಾದ ಮಾತಾಗಿರಲಿಲ್ಲ. ವಿದ್ಯೆಯು ಬಹುಮಟ್ಟಿಗೆ ಕೆಲವು ಮನೆತನಗಳಲ್ಲಿಯೇ ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದ ಕಾಲವದು. ಮುಂದೆ ಕೃತಿಗಳನ್ನು ರಚಿಸಿದಾಗ ಚೌಡಯ್ಯನವರು ತಮ್ಮ ಅಂಕಿತಕ್ಕೆ ಆರಿಸಿಕೊಂಡದ್ದು ‘ತ್ರಿಮಕುಟ’ ಎಂಬ ಮಾತನ್ನು. ಹುಟ್ಟಿದೂರಿನ ಹೆಸರನ್ನೇ ಹೀಗೆ ಮುದ್ರೆಯಾಗಿಸಿಕೊಂಡರು.

1910ರಲ್ಲಿ ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಈ ಗುರುವಿನ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದುವರಿಯಲು ಕನ್ನಡದ ಅಧ್ಯಾಪಕನಾದ ನನಗೆ ಮನಸ್ಸು ಬಾರದು. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿಯನ್ನಿಳಿದು ಹೆಬ್ರಿಯನ್ನು ದಾಟಿ ಕಾರ್ಕಳದ ಕಡೆಗೆ ಹೋದರೆ ನಂದಳಿಕೆಯೆಂಬ ಹಳ್ಳಿ ಸಿಕ್ಕುತ್ತದೆ. ‘ರಾಮಾಶ್ವಮೇಧ’ದ ಮುದ್ದಣನು 1870ರಲ್ಲಿ ಹುಟ್ಟಿದ ಊರು ಅದು. ಅದೇ ನಂದಳಿಕೆಯೇ ಕೃಷ್ಣಪ್ಪನವರ ಊರೂ ಹೌದು. ಅವರು ಮುದ್ದಣನಿಗಿಂತ ನಾಲ್ಕು ವರ್ಷ ಹಿರಿಯರು. ಒಬ್ಬನು ಹಳಗನ್ನಡದ ಗದ್ಯಕ್ಕೆ ಹೊಸ ಬದುಕನ್ನು ಕೊಟ್ಟನು. ಇನ್ನೊಬ್ಬರು ಮೈಸೂರಿಗೆ ಬಂದು ದಾಸರ ದೇವರನಾಮಗಳಿಗೆ ಕಛೇರಿಯ ಪೀಠದಲ್ಲಿ ಗೌರವದ ಸ್ಥಾನವನ್ನು ದೊರಕಿಸಿದರು. ಒಂದೇ ಹಳ್ಳಿಗೆ ಇಷ್ಟು ಭಾಗ್ಯ ಸಾಲದೆ!

ಕೃಷ್ಣಪ್ಪನವರು ಶಿಸ್ತಿನ ಗುರುಗಳು. ಅವರ ಮಾತಿಗೆ ಎದುರು ಹೇಳಿದವರಿರಲಿಲ್ಲ. ಅವರ ಬಳಿಯಲ್ಲಿ ಚೌಡಯ್ಯನವರು ಎಂಟು ವರ್ಷಗಳ ಕಾಲ, 1918ರವರೆಗೆ ಗುರುಕುಲವಾಸ ಮಾಡಿದರು. ಗುರುಗಳು ಗಾಯಕರು, ಶಿಷ್ಯರು ವಾದಕರು ಎಂಬ ಸಂಗತಿಯನ್ನು ಇಲ್ಲಿ ಮರೆಯಬಾರದು. ಗಾಯಕನಿಂದ ಕಲಿತ ಪಿಟೀಲುಗಾರನಿಗೆ ಸಾಹಿತ್ಯವು ಎಲ್ಲಿ ಒಡೆಯುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದು ಕಮಾನಿನ ಎಳೆತದಲ್ಲಿಯೇ ಕೂತುಬಿಡುತ್ತದೆ. ಗುರುಗಳ ಪಕ್ಕದಲ್ಲಿ ಕುಳಿತು ನುಡಿಸುತ್ತಲೇ ಚೌಡಯ್ಯನವರು ನಾಡಿಗೆ ಪರಿಚಿತರಾದರು.

ಅಂದಿನ ಕಛೇರಿಯನ್ನು ನಾವು ಈಗ ಕಲ್ಪಿಸಿಕೊಳ್ಳಬೇಕು. ಮದುವೆಯ ಚಪ್ಪರ, ರಾಮೋತ್ಸವದ ಪೆಂಡಾಲು, ದೇವಸ್ಥಾನದ ಪ್ರಾಂಗಣ. ನೂರಾರು ಮಂದಿ, ಕೆಲವೆಡೆ ಸಾವಿರಾರು ಮಂದಿ. ಗಾಯಕನ ಕಂಠ ತುಂಬು ಕಂಠ. ಮೃದಂಗದ ನಾದವೂ ದೂರ ಸಾಗುವಂಥದು. ಇವೆರಡರ ನಡುವೆ ಪಿಟೀಲಿನ ನಾದವು ಮುಂದಿನ ನಾಲ್ಕು ಸಾಲುಗಳನ್ನು ದಾಟುವುದರೊಳಗೇ ಕರಗಿಹೋಗುತ್ತಿತ್ತು. ಹಿಂದಿನವರಿಗೆ ಕಾಣುತ್ತಿದ್ದುದು ಕಮಾನಿನ ಓಡಾಟ ಮಾತ್ರ. ಪಕ್ಕವಾದ್ಯಗಾರನು ಸಂಜೆಯೆಲ್ಲ ಬೆವರು ಸುರಿಸಿ ಸಾರಿದ ರಾಗದ ಪ್ರತ್ಯುತ್ತರವು ಅರ್ಧ ಸಭೆಗೆ ಇಲ್ಲವೇ ಇಲ್ಲವೆಂಬಂತಾಗುತ್ತಿತ್ತು.

1927ರ ಸುಮಾರಿಗೆ ಚೌಡಯ್ಯನವರು ತಮ್ಮ ಪಿಟೀಲಿಗೆ ಮತ್ತೆ ಮೂರು ತಂತಿಗಳನ್ನು ಕೂಡಿಸಿದರು. ಕೇಳುವುದಕ್ಕೆ ಇದು ಸರಳವಾದ ಕಾರ್ಯವೆಂದು ತೋರಬಹುದು. ನಿಜದಲ್ಲಿ ಇದು ಬಹು ಅಪಾಯದ ಕೆಲಸ. ಪಿಟೀಲಿನ ಮೇಲ್ಹಲಗೆಯ ದಪ್ಪವು ಸುಮಾರು 3 ಮಿಲಿಮೀಟರು. ಪಾಶ್ಚಾತ್ಯರ ಶ್ರುತಿಗೆ ಬಿಗಿದಾಗ ನಾಲ್ಕು ತಂತಿಗಳ ಒಟ್ಟು ಸೆಳೆತವು 20 ಕಿಲೋಗ್ರಾಮಿಗೂ ಮೀರುತ್ತದೆ. ಆ ಸೆಳೆತದ ಒಂದು ಪಾಲು ಕುದುರೆಯ ಮೂಲಕ ಕೆಳಕ್ಕೆ ಒತ್ತುತ್ತ ಆ ತೆಳು ಹಲಗೆಯ ಮೇಲೆ ಬೀಳುತ್ತದೆ. ಒಳಗೆ ನಿಲ್ಲಿಸಿರುವ ಒಂದು ಸಣ್ಣ ಕಡ್ಡಿಯೂ ಹಲಗೆಯ ಅಡಿಯಲ್ಲಿ ಅಂಟಿಸಿರುವ ಒಂದು ಪಟ್ಟಿಯೂ ಆ ಭಾರವನ್ನು ಹೊರುತ್ತವೆ. ನಮ್ಮವರು ಶ್ರುತಿಯನ್ನು ಇಳಿಸಿ ನುಡಿಸುವುದರಿಂದ ಸೆಳೆತ ಸ್ವಲ್ಪ ಕಡಮೆ ಎನ್ನಬಹುದು. ಆದರೂ ನಾಲ್ಕಕ್ಕೆಂದು ಹದಮಾಡಿದ ಒಡಲಿನ ಮೇಲೆ ಏಳನ್ನು ಹೇರಿದರೆ ಹಲಗೆ ಕುಗ್ಗಬಹುದು, ಕುತ್ತಿಗೆ ಬಾಗಬಹುದು. ಮೂರು ಹೊಸ ಬಿರಡೆಗಳಿಗೆ ತಲೆಯಲ್ಲಿ ಜಾಗವನ್ನು ಹುಡುಕಬೇಕು, ಕುದುರೆಯನ್ನೂ ಬೇರೆಯಾಗಿಯೇ ಕೆತ್ತಬೇಕು.

ಇನ್ನು ನುಡಿಸುವ ಕಷ್ಟ. ಹೊಸ ತಂತಿಗಳನ್ನು ಅವರು ಬೇರೆ ಬೇರೆ ಸ್ವರಗಳಿಗೆ ಕೂಡಿಸಲಿಲ್ಲ. ಮೂರು ತಂತಿಗಳಿಗೆ ಒಂದೊಂದು ಜೊತೆಯನ್ನು ಕೊಟ್ಟರು. ಜೊತೆಯ ಎರಡು ತಂತಿಗಳಲ್ಲಿಯೂ ಸ್ವರ ಒಂದೇ, ನಡುವಣ ಅಂತರ ಒಂದು ಸ್ಥಾಯಿ. ಉಳಿದ ಒಂದು ತಂತಿ ಮಾತ್ರ ಒಂಟಿ. ಕಮಾನು ಒಮ್ಮೆಗೆ ಎರಡನ್ನೂ ಎಳೆಯಬೇಕು, ಬೆರಳು ಒಮ್ಮೆಗೆ ಎರಡನ್ನೂ ಒತ್ತಬೇಕು. ಬೆರಳು ಕೂದಲೆಳೆಯಷ್ಟು ಓರೆಯಾದರೂ ಎರಡು ತಂತಿಗಳು ಪರಸ್ಪರ ಜಗಳವಾಡತೊಡಗುತ್ತವೆ. ಗಮಕಗಳಿಂದಲೇ ಜೀವಿಸುವ ನಮ್ಮ ಸಂಗೀತದಲ್ಲಿ, ಬೆರಳು ಎಲ್ಲಿಯೂ ನಿಲ್ಲದೆ ಜಾರುತ್ತಲೇ ಇರುವಾಗ, ಈ ಜೊತೆಯನ್ನು ಶುದ್ಧವಾಗಿ ಉಳಿಸಿಕೊಳ್ಳುವುದು ಎಂತಹ ಸಾಧನೆಯೆಂಬುದನ್ನು ಪಿಟೀಲು ಹಿಡಿದವರೇ ಬಲ್ಲರು. ಆಷಾಢದ ಮಳೆಯಲ್ಲಿ ನಾಲ್ಕು ಬಿರಡೆಗಳ ಪಿಟೀಲೇ ಶ್ರುತಿಗೆ ನಿಲ್ಲದೆ ಹಟ ಹಿಡಿಯುವುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಏಳು ಬಿರಡೆಗಳ ಗತಿಯೇನು?

ಗುರುಗಳಿಗೆ ಮೊದಲು ಈ ಸಂಗತಿಯನ್ನು ತಿಳಿಸಲಿಲ್ಲವೆಂದೂ, ನಾದವು ತುಂಬಿ ಬರುತ್ತಿರುವುದನ್ನು ಗಮನಿಸಿದ ಮೇಲೆ ಕೃಷ್ಣಪ್ಪನವರಿಗೆ ಗುಟ್ಟು ತಿಳಿದು, ಕೊನೆಗೆ ಸಮ್ಮತಿ ದೊರೆಯಿತೆಂದೂ ಸಂಗೀತಗಾರರ ನಡುವೆ ಒಂದು ಕಥೆ ಹೇಳಿಕೆಯಲ್ಲಿದೆ. ಕಥೆ ಹೇಗೇ ಇರಲಿ, ಶಿಷ್ಯನ ಅಳುಕು ನಮಗೆ ಅರ್ಥವಾಗುವಂಥದು. ವಾದ್ಯವೆಂದರೆ ಪೂಜೆಯ ವಸ್ತು. ಅದಕ್ಕೆ ಗರಗಸ ಹಚ್ಚುವುದೆಂದರೆ ಸಂಪ್ರದಾಯಕ್ಕೇ ಗರಗಸ ಹಚ್ಚಿದಂತೆ ಎಂದು ಭಾವಿಸುವವರಿಗೆ ಯಾವ ಕಾಲದಲ್ಲಿಯೂ ಕೊರತೆಯಿಲ್ಲ. ಪಿಟೀಲೇ ನಮ್ಮದಲ್ಲ, ಸಮುದ್ರ ದಾಟಿ ಬಂದದ್ದು, ಬಾಲುಸ್ವಾಮಿ ದೀಕ್ಷಿತರಂತಹವರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿ ಆಗ ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲವಾಗಿತ್ತಷ್ಟೆ ಎಂಬುದು ಇಂಥವರಿಗೆ ನೆನಪಿಗೆ ಬರುವುದಿಲ್ಲ.

ವಿಚಿತ್ರವೆಂದರೆ, ಅದೇ 1927ರಲ್ಲಿ ಭೂಮಂಡಲದ ಇನ್ನೊಂದು ಮಗ್ಗುಲಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಜಾನ್ ಡೊಪ್ಯೇರ ಎಂಬ ವಾದ್ಯಶಿಲ್ಪಿಯು ಇದೇ ಚಿಂತೆಯಲ್ಲಿದ್ದನು. ವಾದ್ಯಗೋಷ್ಠಿಯ ಕಹಳೆಗಳ ನಡುವೆ ಗಿಟಾರಿನ ಸದ್ದು ಅಡಗಿಹೋಗುತ್ತಿತ್ತು. ಅವನು ಲೋಹದ ಒಡಲಿನೊಳಗೆ ಅಲ್ಯೂಮಿನಿಯಮಿನ ಮೂರು ತೆಳು ಶಂಕುಗಳನ್ನು ಇಟ್ಟು ಗಿಟಾರನ್ನು ಗಟ್ಟಿಯಾಗಿ ಮಾತನಾಡಿಸಿದನು. ಕೆಲವೇ ವರ್ಷಗಳಲ್ಲಿ ವಿದ್ಯುತ್ತಿನ ಗಿಟಾರು ಬಂದು ಆ ಶಂಕುಗಳ ಕೆಲಸವನ್ನು ಕಿತ್ತುಕೊಂಡಿತು. ಜೊತೆ ತಂತಿಯ ಉಪಾಯವೂ ಆ ಲೋಕಕ್ಕೆ ಅಪರಿಚಿತವಲ್ಲ: ಹನ್ನೆರಡು ತಂತಿಯ ಗಿಟಾರಿನಲ್ಲಿ ಕೆಳಗಿನ ತಂತಿಗಳಿಗೆ ಒಂದು ಸ್ಥಾಯಿ ಮೇಲಿನ ಜೊತೆಯಿರುತ್ತದೆ. ಇಂದು ನಮ್ಮ ಊರುಗಳ ಹುಡುಗರೂ ಕಾಲಿನಿಂದ ಒತ್ತುವ ಸಣ್ಣ ಪೆಡಲ್ ಪೆಟ್ಟಿಗೆಯೊಂದರಿಂದ ಒಂದು ಸ್ವರಕ್ಕೆ ಅದರ ಸ್ಥಾಯಿಯ ಜೊತೆಯನ್ನು ಕೂಡಿಸಿಬಿಡುತ್ತಾರೆ. ಚೌಡಯ್ಯನವರು ಅದನ್ನು ಮರ, ಬಿರಡೆ, ಬೆರಳುಗಳಿಂದಲೇ ಸಾಧಿಸಬೇಕಾಗಿತ್ತು.

ಏಳಕ್ಕೇ ಅವರು ತೃಪ್ತರಾಗಲಿಲ್ಲ. ಅವುಗಳ ಜೊತೆಗೆ ಹನ್ನೆರಡು ಅನುರಣನದ ತಂತಿಗಳನ್ನು ಅಳವಡಿಸಿದ ಹತ್ತೊಂಬತ್ತು ತಂತಿಯ ಪಿಟೀಲನ್ನೂ ಪ್ರಯೋಗಿಸಿದರು. ಸಾರಂಗಿಯಲ್ಲಿರುವಂತೆ ಈ ತಂತಿಗಳನ್ನು ಯಾರೂ ಮುಟ್ಟುವುದಿಲ್ಲ. ಮೇಲಿನ ಸ್ವರವನ್ನು ಕೇಳಿ ತಾವಾಗಿಯೇ ಮಿಡಿಯುತ್ತವೆ. ಯೂರೋಪಿನ ಹಳೆಯ ವಿಯೋಲಾ ದಮೋರೆ ಎಂಬ ವಾದ್ಯದಲ್ಲಿಯೂ ಇಂತಹ ಏರ್ಪಾಡುಂಟು. ಆದರೆ ಜನರ ಮನಸ್ಸಿನಲ್ಲಿ ನೆಲೆನಿಂತದ್ದು ಏಳು ತಂತಿಯ ಚೌಡಯ್ಯನವರೇ.

ಆ ಮೇಲಿನ ಕೀರ್ತಿಯ ವೃತ್ತಾಂತ ಬಹುಮಂದಿಗೆ ಗೊತ್ತಿರುವಂಥದು. 1931ರಲ್ಲಿ ಗುರುಗಳು ತೀರಿಕೊಂಡರು. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದ್ವಾಂಸರಾದರು. ‘ಸಂಗೀತರತ್ನ’ವೆಂಬ ಬಿರುದು ಬಂತು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯು ‘ಸಂಗೀತ ಕಲಾನಿಧಿ’ಯೆಂದು ಗೌರವಿಸಿತು. ದಕ್ಷಿಣ ದೇಶದ ಹಿರಿಯ ಗಾಯಕರೆಲ್ಲರ ಪಕ್ಕದಲ್ಲಿಯೂ ಅವರು ಕುಳಿತರು. ಅವರಲ್ಲಿ ಚೆಂಬೈ ವೈದ್ಯನಾಥ ಭಾಗವತರೊಡನೆ ಬೆಳೆದ ಸ್ನೇಹವು ವಿಶೇಷವಾದುದು. ಚೆಂಬೈಯವರ ಗಂಭೀರ ಶಾರೀರ, ಪಾಲಘಾಟ್ ಮಣಿ ಅಯ್ಯರ್ ಅವರ ಮೃದಂಗ, ಇವರ ದಪ್ಪ ನಾದದ ಪಿಟೀಲು ಒಂದೆಡೆ ಸೇರಿದರೆ ಯಾವುದೂ ಇನ್ನೊಂದರ ಮುಂದೆ ಕುಗ್ಗುವ ಪ್ರಶ್ನೆಯೇ ಇರಲಿಲ್ಲ.

1943ರಲ್ಲಿ ಅವರು ‘ವಾಣಿ’ ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿದರು, ಕೆ. ಹಿರಣ್ಣಯ್ಯನವರು ಅದರ ನಿರ್ದೇಶಕರು. ಈ ಮೂವರ ಕಛೇರಿಯ ದೃಶ್ಯ ಅದರಲ್ಲಿತ್ತು. ಚಿತ್ರವು ಹಣವನ್ನು ತರಲಿಲ್ಲ. ಕಮಾನಿನಿಂದ ಗಳಿಸಿದ್ದನ್ನು ಅದು ನುಂಗಿತು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಕಟ್ಟುವುದಕ್ಕೂ ಅವರೇ ಮುಂದಾದರು. ಲೆಕ್ಕಾಚಾರ ಮಾಡಿ ಹೆಜ್ಜೆಯಿಡುವ ಸ್ವಭಾವ ಅವರದಾಗಿರಲಿಲ್ಲವೆಂದು ತೋರುತ್ತದೆ. ಹಾಗಿದ್ದಿದ್ದರೆ ಪಿಟೀಲಿಗೆ ನಾಲ್ಕೇ ತಂತಿಗಳು ಇರುತ್ತಿದ್ದವು.

ಟೀಕೆಯೂ ಇಲ್ಲದಿರಲಿಲ್ಲ. ಪಕ್ಕವಾದ್ಯವು ಪಕ್ಕದಲ್ಲಿರಬೇಕು, ಗಾಯಕನ ಮೇಲೆ ಏರಬಾರದು ಎಂಬ ಆಕ್ಷೇಪಕ್ಕೆ ಅರ್ಥವಿದೆ. ಜೊತೆ ತಂತಿಯ ನಾದವು ದಪ್ಪವಾದಷ್ಟೂ ಒಂಟಿ ತಂತಿಯ ಕೂದಲೆಳೆಯಂತಹ ನಯವನ್ನು ಕಳೆದುಕೊಳ್ಳುತ್ತದೆ ಎಂಬ ಮಾತನ್ನೂ ನಾನು ಪೂರ್ತಿಯಾಗಿ ತಳ್ಳಿಹಾಕಲಾರೆ. ಚೆಂಬೈಯವರೊಡನೆ ಅವರು ನುಡಿಸಿದ ಧ್ವನಿಮುದ್ರಣಗಳು ಉಳಿದಿವೆ. ಅವುಗಳನ್ನು ಕೇಳುವಾಗ ಕೆಲವೆಡೆ ಆ ಗಾತ್ರವು ಕಿವಿಗೆ ಭಾರವೆನಿಸುವುದುಂಟು. ಆದರೆ ಮರುಕ್ಷಣವೇ ರಾಗವು ಬಿಚ್ಚಿಕೊಂಡಾಗ, ಇಬ್ಬರು ಕೂಡಿ ಹಾಡುತ್ತಿರುವಂತಹ ಆ ಗಂಭೀರ ಧ್ವನಿ ಬೇರೆ ಯಾರದೂ ಅಲ್ಲವೆಂಬುದು ತಿಳಿದುಹೋಗುತ್ತದೆ.

ಇಲ್ಲಿ ನನ್ನ ಮನಸ್ಸನ್ನು ಹೆಚ್ಚು ಸೆಳೆಯುವ ಸಂಗತಿ ಬೇರೊಂದಿದೆ. ಏಳು ತಂತಿಗಳು ಬಂದ ಕೆಲವು ವರ್ಷಗಳಲ್ಲಿಯೇ ಧ್ವನಿವರ್ಧಕವು ಕಛೇರಿಗೆ ಬಂದಿತು. ಯಾವ ಕೊರತೆಯನ್ನು ನೀಗಿಸಲೆಂದು ಅವರು ವಾದ್ಯವನ್ನು ಮಾರ್ಪಡಿಸಿದ್ದರೋ ಆ ಕೊರತೆಯನ್ನು ಒಂದು ಯಂತ್ರವು ಸುಲಭವಾಗಿ ನೀಗಿಸಿಬಿಟ್ಟಿತು. ನಾಲ್ಕು ತಂತಿಗೆ ಹಿಂದಿರುಗುವುದಕ್ಕೆ ಅಡ್ಡಿಯೇನೂ ಇರಲಿಲ್ಲ; ಶ್ರಮವೂ ಉಳಿಯುತ್ತಿತ್ತು. ಅವರು ಹಿಂದಿರುಗಲಿಲ್ಲ. ಕೊನೆಯ ಸಾಲಿನವನಿಗಾಗಿ ಹುಡುಕಿದ ನಾದವು ಅಷ್ಟರಲ್ಲಿ ಅವರ ಸ್ವಂತ ಕಂಠವಾಗಿಬಿಟ್ಟಿತ್ತು. ಆ ದಾರಿಯನ್ನು ಹಿಡಿದವರು ಮಾತ್ರ ಬಹಳ ಮಂದಿಯಿಲ್ಲ. ಅವರಲ್ಲಿ ಮುಖ್ಯರು ವಿದ್ವಾನ್ ಆರ್. ಆರ್. ಕೇಶವಮೂರ್ತಿಯವರು, ಏಳು ತಂತಿಯ ಪಿಟೀಲನ್ನು ಬಹುಕಾಲ ನುಡಿಸಿ ಹಲವು ಶಿಷ್ಯರನ್ನು ಬೆಳೆಸಿದರು. ಶಿಷ್ಯರ ತಲೆಮಾರಿಗೆ ನಾಲ್ಕು ತಂತಿಯೇ ಸಾಕೆನಿಸಿತು.

ಚೌಡಯ್ಯನವರು 1967ರ ಜನವರಿ 19ರಂದು ನಿಧನರಾದರು. ಹದಿಮೂರು ವರ್ಷಗಳ ನಂತರ, 1980ರಲ್ಲಿ, ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವು ತೆರೆಯಿತು. ಕೆ. ಕೆ. ಮೂರ್ತಿಯವರ ಪ್ರಯತ್ನದಿಂದ ಎದ್ದುನಿಂತ ಆ ಕಟ್ಟಡದ ಆಕಾರವೇ ಪಿಟೀಲು. ಬಿರಡೆ, ಕುದುರೆ, ಕಮಾನುಗಳೆಲ್ಲವೂ ಅಲ್ಲಿವೆ, ತಂತಿಗಳು ಏಳು. ಒಳಗೆ ವೇದಿಕೆಯ ಮೇಲೆ ನುಡಿಯುವ ಪಿಟೀಲುಗಳಲ್ಲಿ ಬಹುಪಾಲು ನಾಲ್ಕು ತಂತಿಯವೇ. ಕೊನೆಯ ಸಾಲಿನವನಿಗೆ ಅವುಗಳ ನಾದವನ್ನು ಮುಟ್ಟಿಸುವ ಕೆಲಸ ಧ್ವನಿವರ್ಧಕದ್ದು.