ಲಾಳಿ ಓಡಿಸಲು ಹೊರಟ ಎಂಜಿನಿಯರ್: ಎರಿಕ್ ಲೇತ್‌ವೇಟ್

ನಮ್ಮ ಶಾಲೆಯ ವಿಜ್ಞಾನ ಕೊಠಡಿಯಲ್ಲಿ ನಾವು ಕಂಡ ಮೋಟಾರುಗಳೆಲ್ಲ ಗರಗರ ತಿರುಗುವಂಥವು. ತಿರುಗದೆ ನೇರವಾಗಿ ಓಡಿಸುವ ಮೋಟಾರೂ ಇದೆಯೆಂದು ನನಗೆ ತಿಳಿದದ್ದು ಬಿ.ಇ. ಓದುವಾಗ. ಅದಕ್ಕಾಗಿ ದಶಕಗಳ ಕಾಲ ದುಡಿದ ಎರಿಕ್ ಲೇತ್‌ವೇಟ್ ಅವರನ್ನು ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಶಾಲೆಯ ಕಿರಿಯರಿಗೆ ಪರಿಚಯಿಸುವ ಆಸೆ ನನ್ನದು.

ಲೇತ್‌ವೇಟ್ 1921ರ ಜೂನ್ 14ರಂದು ಇಂಗ್ಲೆಂಡಿನ ಲ್ಯಾಂಕಾಷೈರ್‌ನ ಆಥರ್ಟನ್‌ನಲ್ಲಿ ಜನಿಸಿದರು. ಹತ್ತಿ ಗಿರಣಿಗಳಿಗೆ ಹೆಸರಾದ ಸೀಮೆ ಅದು. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ, 1949ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಅಲ್ಲಿನ ಆರಂಭಕಾಲದ ಕಂಪ್ಯೂಟರ್ 'ಮಾರ್ಕ್ 1'ರಲ್ಲೂ ಕೆಲಸ ಮಾಡಿದರು. ಆದರೆ ಅವರ ಮನಸ್ಸು ನೆಟ್ಟದ್ದು ಮಗ್ಗದ ಲಾಳಿಯ ಮೇಲೆ. ಪ್ರತಿ ಸಲವೂ ಹೊಡೆದು ಎಸೆಯುವ ಬದಲು ಲಾಳಿಯನ್ನು ವಿದ್ಯುತ್ತಿನಿಂದಲೇ ಓಡಿಸಲು ಅವರು ಹೊರಟರು.

ಸಾಮಾನ್ಯ ಇಂಡಕ್ಷನ್ ಮೋಟಾರನ್ನು ಉದ್ದಕ್ಕೆ ಸೀಳಿ, ಚಾಪೆಯಂತೆ ನೆಲಕ್ಕೆ ಬಿಚ್ಚಿ ಹಾಸಿದೆವು ಎಂದುಕೊಳ್ಳಿ. ಸುತ್ತುತ್ತಿದ್ದ ಕಾಂತಕ್ಷೇತ್ರ ಈಗ ಅಲೆಯಂತೆ ಮುಂದಕ್ಕೆ ಸಾಗುತ್ತದೆ. ಮೇಲಿಟ್ಟ ಅಲ್ಯೂಮಿನಿಯಂ ಹಲಗೆಯಲ್ಲಿ ವಿದ್ಯುತ್ ಪ್ರೇರಿತವಾಗಿ, ಹಲಗೆ ಆ ಅಲೆಯ ಹಿಂದೆಯೇ ಓಡುತ್ತದೆ. ಗೇರು, ಬೆಲ್ಟುಗಳ ಹಂಗಿಲ್ಲ. ಈ ಕಲ್ಪನೆ ಹಳೆಯದೇ; ಅದನ್ನು ಬಳಕೆಗೆ ತರಲು ಶ್ರಮಿಸಿದವರಲ್ಲಿ ಲೇತ್‌ವೇಟ್ ಪ್ರಮುಖರು.

ಮಗ್ಗದಲ್ಲಿ ಅದು ನೆಲೆಯೂರಲಿಲ್ಲ. ಅವರು ಎದೆಗುಂದಲಿಲ್ಲ. 1964ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪ್ರಾಧ್ಯಾಪಕರಾದರು. ಗಾಳಿಯ ಮೆತ್ತೆಯ ಮೇಲೆ ತೇಲುತ್ತಾ ಲೀನಿಯರ್ ಮೋಟಾರಿನಿಂದ ಓಡುವ ವಾಹನದ ಯೋಜನೆಯಲ್ಲಿ ತೊಡಗಿದರು. 1973ರ ಫೆಬ್ರುವರಿಯಲ್ಲಿ ಆ ವಾಹನ ಗಂಟೆಗೆ 167 ಕಿ.ಮೀ. ವೇಗ ಮುಟ್ಟಿತು, ಅದೇ ತಿಂಗಳು ಸರ್ಕಾರ ಯೋಜನೆಯನ್ನೇ ನಿಲ್ಲಿಸಿತು.

ಮರುವರ್ಷ ಅವರು ಎಡವಿದರು. ಗೈರೋಸ್ಕೋಪು ನ್ಯೂಟನ್ನನ ನಿಯಮಗಳನ್ನು ಮೀರುತ್ತದೆಂದು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ವಾದಿಸಿದರು. ವಿಜ್ಞಾನಿಗಳು ಒಪ್ಪಲಿಲ್ಲ; ಸಂಸ್ಥೆ ಆ ಉಪನ್ಯಾಸವನ್ನು ಪ್ರಕಟಿಸಲಿಲ್ಲ. ನಿಯಮ ಮುರಿದಿಲ್ಲವೆಂದು ಮುಂದೆ ಅವರೇ ಒಪ್ಪಿಕೊಂಡರು.

1984ರಲ್ಲಿ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ ಲೀನಿಯರ್ ಮೋಟಾರಿನ ಮ್ಯಾಗ್ಲೆವ್ ಬಂಡಿ ಓಡತೊಡಗಿತು. 1986ರಲ್ಲಿ ಲೇತ್‌ವೇಟ್ ಅವರಿಗೆ ನಿಕೋಲಾ ಟೆಸ್ಲಾ ಪ್ರಶಸ್ತಿ ಸಂದಿತು. 1997ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಇಂದು ಟೋಕಿಯೋದ ಓಎಡೋ ಸುರಂಗ ರೈಲು, ಕಾರ್ಖಾನೆಗಳ ಸಿ.ಎನ್.ಸಿ. ಯಂತ್ರಗಳು, ಸಾಮಾನು ಸಾಗಿಸುವ ಸಾಲುಗಳಲ್ಲೆಲ್ಲ ಲೀನಿಯರ್ ಮೋಟಾರುಗಳಿವೆ.

ಗೆದ್ದದ್ದನ್ನಷ್ಟೇ ಹೇಳಿದರೆ ಜೀವನಚರಿತ್ರೆ ಅರ್ಧವಾಗುತ್ತದೆ. ನಮ್ಮ ಶಾಲೆಯ ಮಕ್ಕಳು ಅವರಂತೆ ಪ್ರಶ್ನೆ ಕೇಳಲಿ. ಉತ್ತರ ತಪ್ಪಿದಾಗ ತಿದ್ದಿಕೊಳ್ಳುವ ಧೈರ್ಯವೂ ಅವರಿಗಿರಲಿ.